ಹುರುಳಿ ಹಾಸಿದ ರಸ್ತೆಯೂ ನನ್ನ ಎಂಟು ಮಾರ್ಕೂ

ಟೊಂಯ್. ಖಾಲಿ ಬಾವಿಗೆ ಹಿತ್ತಾಳೆ ಕೊಡ ಬಿದ್ದಂಥ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಲೈಸೆನ್ಸ್ ಆಫೀಸಿನ ಕಂಪ್ಯೂಟರು ನನ್ನ ಉತ್ತರ ತಪ್ಪಾದಾಗಲೆಲ್ಲ ಹಾಗೆ ಸದ್ದು ಮಾಡುತ್ತಿತ್ತು, ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಬಳ್ಳಾರಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದು ಓದಿದವಳು ನಾನು. ಒಂದು ಡಿಕ್ಟೇಶನ್ನಿನಲ್ಲೂ ಫೇಲಾದವಳಲ್ಲ. ಅಂಥವಳು ಅರವತ್ತೇಳನೆಯ ವಯಸ್ಸಿನಲ್ಲಿ ಹದಿನೈದು ಪ್ರಶ್ನೆಗೆ ಏಳು ಸಲ ಟೊಂಯ್ ಅನ್ನಿಸಿಕೊಂಡೆ. ಒಂಬತ್ತು ಸರಿಯಿದ್ದರೆ ಪಾಸು. ನನ್ನದು ಎಂಟು.

ನಿಜ ಹೇಳಬೇಕೆಂದರೆ ಇದೇ ಪರೀಕ್ಷೆಯನ್ನು ಹಿಂದೊಮ್ಮೆ ಪಾಸು ಮಾಡಿದ್ದೆ. ಆಗ ಸಿಕ್ಕ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸು, ಕಂಡು ಎಷ್ಟು ಖುಷಿಯಾಯಿತೆಂದರೆ ಅದನ್ನು ಲ್ಯಾಮಿನೇಟ್ ಮಾಡಿಸಿ ರೇಷ್ಮೆ ಸೀರೆಗಳ ನಡುವೆ ಇಟ್ಟುಬಿಟ್ಟೆ. ತಿಂಗಳು ಕಳೆದ ಮೇಲೆ, ಆರು ತಿಂಗಳು ತುಂಬುವುದರೊಳಗೆ ಗಾಡಿ ಓಡಿಸಿ ತೋರಿಸಬೇಕು ಎಂಬುದು ರೂಲು. ನಮ್ಮ ಕಾಲದಲ್ಲಿ ಎಕ್ಸ್‌ಪೈರಿ ಡೇಟ್ ಇರುತ್ತಿದ್ದುದು ಕೆಮ್ಮಿನ ಔಷಧಿಗೆ, ಸರ್ಟಿಫಿಕೇಟಿಗಲ್ಲ. ಮೊದಲು ಮಳೆ ಅಂದೆ, ಆಮೇಲೆ ಮಂಡಿನೋವು ಅಂದೆ. ಯಾರದೋ ಮದುವೆಗೆಂದು ಸೀರೆ ತೆಗೆಯಲು ಹೋದಾಗ ಲೈಸೆನ್ಸು ತೀರಿಕೊಂಡು ಆಗಲೇ ಹನ್ನೊಂದು ದಿನವಾಗಿತ್ತು. ಹೀಗಾಗಿ ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಪರೀಕ್ಷೆ, ಮತ್ತು ಈ ಟೊಂಯ್.

ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಎಂದು ನೀವೂ ಕೇಳಬಹುದು. ಯಜಮಾನರ ಸ್ಕೂಟರು ಅವರು ಹೋದ ಮೇಲೆ ವರಾಂಡದಲ್ಲಿ ಬೆಡ್‌ಶೀಟ್ ಹೊದ್ದು ನಿಂತಿತ್ತು. ಅದರ ಮೇಲೆ, ಅದಕ್ಕೂ ಹಿಂದಿನವುಗಳ ಮೇಲೆ, ಅವರ ಬೆನ್ನಿಗೆ ಕೂತು ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಲ್ಲ ಸುತ್ತಿದ್ದೇನೆ. ಆದರೆ ನಾನು ನೋಡಿದ್ದು ಅವರ ಶರ್ಟಿನ ಕಾಲರ್ ಒಂದನ್ನೇ. ಸಾಯುವುದರೊಳಗೆ ಒಮ್ಮೆ ಮುಂದೆ ಕೂತು ರಸ್ತೆ ನೋಡಬೇಕು ಎಂಬುದು ನನ್ನ ಆಸೆ. ಆ ಸ್ಕೂಟರಿನ ಮೇಲೆ ಪಕ್ಕದ ಮನೆಯ ನನ್ನ ತಮ್ಮ ಚನ್ನಬಸವನಿಗೂ ಕಣ್ಣು.

"ಅಕ್ಕಾ, ಇನ್ನೊಂದ್ಸಲ ಫೇಲಾದ್ರ ಗಾಡಿ ನಾ ಒಯ್ತೀನಿ ನೋಡು. ಸುಮ್ನ ನಿಂತು ತುಕ್ಕು ಹಿಡ್ಯಾಕತ್ತೈತಿ," ಎಂದ.

"ನಾನೂ ತುಕ್ಕು ಹಿಡ್ಯಾಕತ್ತೀನಿ. ನನ್ನೂ ಒಯ್ತಿಯೇನಲೇ?"

"ನಿನಗ ಮೈಲೇಜ್ ಕಮ್ಮಿ."

ನನ್ನನ್ನು ಕೆಡವಿದ ಪ್ರಶ್ನೆ ಇದು: ರಸ್ತೆಯ ಮೇಲೆ ಏನಾದರೂ ಹರಡಿಕೊಂಡಿದ್ದರೆ ಏನು ಮಾಡುತ್ತೀರಿ? ನಿಧಾನಿಸಿ ಪಕ್ಕದಿಂದ ದಾಟುವುದು, ಹಾರ್ನ್ ಬಾರಿಸುವುದು, ಅದರ ಮೇಲೆಯೇ ಹೋಗುವುದು. ನಮ್ಮ ಕೂಡ್ಲಿಗಿ ಸುತ್ತ ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ ಬಳ್ಳಿ ಕಿತ್ತು ತಂದು ಡಾಂಬರಿನ ಮೇಲೆ ಹಾಸುತ್ತಾರೆ, ಬಸ್ಸು ಲಾರಿಗಳ ಗಾಲಿಗಳು ಅದನ್ನು ಒಕ್ಕಿಕೊಡುತ್ತವೆ. ಪಕ್ಕಕ್ಕೆ ಸರಿದು ಹೋಗುವುದೆಂದರೆ ಬಡಿಸಿದ ಎಲೆ ಬಿಟ್ಟು ಎದ್ದ ಹಾಗೆ. ಆನೆಸ್ಟ್ ಆಗಿ ಬರೆದವರಿಗೆ ದೇವರೇ ಮಾರ್ಕ್ಸ್ ಕೊಡುತ್ತಾನೆ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು. ಮೂರನೆಯದನ್ನು ಒತ್ತಿದೆ. ದೇವರು ಕೊಟ್ಟಿರಬೇಕು, ಕಂಪ್ಯೂಟರು ಕೊಡಲಿಲ್ಲ.

ನನ್ನ ಪಕ್ಕದ ಕಂಪ್ಯೂಟರಿನ ಮುಂದೆ ಕೂತಿದ್ದವಳು ಹನುಮಕ್ಕ. ಹೊಸಹಳ್ಳಿ ಕಡೆಯವಳು, ಕುರಿ ಸಾಕಿಕೊಂಡು ಹೊಲ ಮಾಡುವ ಐವತ್ತರ ಹೆಂಗಸು. ಹೊಲಕ್ಕೆ ಬುತ್ತಿ ಒಯ್ಯಲು ಅವಳಿಗೆ ಗಾಡಿ ಬೇಕಿತ್ತು. ಅದೇ ಪ್ರಶ್ನೆ ಅವಳಿಗೂ ಬಂದಿತ್ತು. ಅವಳು ಪಾಸು. ಹೊರಗೆ ಬೆಂಚಿನ ಮೇಲೆ ಕೂತು ಅವಳನ್ನೇ ಕೇಳಿದೆ.

"ಹನುಮಕ್ಕ, ನಿಮ್ಮ ಕಡೆ ರಸ್ತೆ ಮೇಲೆ ಹುರುಳಿ ಹಾಸೋದಿಲ್ವಾ?"

"ಹಾಸ್ತೀವ್ರಿ. ರಸ್ತಿ ಬಿಟ್ರ ಕಣ ಎಲ್ಲೈತಿ?"

"ಮತ್ತೆ ಪಕ್ಕದಿಂದ ಹೋಗ್ತೀನಿ ಅಂತ ಒತ್ತಿದೆಯಲ್ಲ?"

"ಪರೀಕ್ಷಿಯೊಳಗ ಪಕ್ಕದಿಂದ ಹೋಗೋದು, ರಸ್ತಿಯೊಳಗ ಮ್ಯಾಲ ಹತ್ತಿಸೋದ್ರಿ ಅಮ್ಮಾರ. ಅಷ್ಟು ಇಂಗ್ಲಿಷ್ ಓದೀರಿ, ಇದನ್ನ ಹೇಳಿಕೊಡ್ಲಿಲ್ಲೇನ್ರಿ?"

ಹೇಳಿಕೊಟ್ಟಿರಲಿಲ್ಲ.

ಫೇಲಾದವರು ಮತ್ತೆ ಶುಲ್ಕ ಕಟ್ಟಿ, ಒಂದು ದಿನವಾದರೂ ಬಿಟ್ಟು ಬರಬೇಕು. ನಾನು ಒಂದು ವಾರ ಬಿಟ್ಟು ಹೋದೆ. ಅದೇ ಪ್ರಶ್ನೆ ಬಂತು. ಮನಸ್ಸಿನಲ್ಲೇ ಸಿಸ್ಟರಿಗೆ ಸಾರಿ ಹೇಳಿ ಮೊದಲನೆಯದನ್ನು ಒತ್ತಿದೆ. ಟೊಂಯ್ ಬರಲಿಲ್ಲ. ಈ ಸಲ ಎಲ್‌ಎಲ್‌ಆರ್ ಅನ್ನು ಅಡುಗೆಮನೆಯ ಕ್ಯಾಲೆಂಡರಿಗೆ ಪಿನ್ ಮಾಡಿದೆ. ಎಲ್ ಬೋರ್ಡಿನವರ ಹಿಂದೆ ಲೈಸೆನ್ಸ್ ಇದ್ದವರು ಕೂರಬೇಕೆಂಬುದು ಇನ್ನೊಂದು ರೂಲು. ಗಾಡಿಗಾಗಿ ಕಾದಿದ್ದ ಚನ್ನಬಸವನೇ ದಿನಾ ಬೆಳಿಗ್ಗೆ ಜೀವ ಕೈಯಲ್ಲಿ ಹಿಡಿದು ಕೂರಬೇಕಾಯಿತು.

ಸುಗ್ಗಿ ಬಂತು. ಹೊಸಹಳ್ಳಿ ರಸ್ತೆಯಲ್ಲಿ ಒಂದು ಬೆಳಿಗ್ಗೆ ಹುರುಳಿ ಹಾಸಿತ್ತು. ನಾನು ಇಂಡಿಕೇಟರ್ ಹಾಕಿ, ನಿಧಾನಿಸಿ, ಪಕ್ಕದ ಮಣ್ಣಿಗಿಳಿದು, ಒಂದು ಕಾಳೂ ಮುಟ್ಟದೆ ಪರ್ಫೆಕ್ಟಾಗಿ ದಾಟಿದೆ.

"ಅಮ್ಮಾರ, ಫೇಲಾದ್ರಿ ನೋಡ್ರಿ," ಎಂದಿತು ಹಿಂದಿನಿಂದ ಒಂದು ದನಿ. ಪೊರಕೆ ಹಿಡಿದು ಹನುಮಕ್ಕ ನಿಂತಿದ್ದಳು. "ನಮ್ಮ ಹುರುಳಿ ನಿಮಗ ಚುಚ್ಚತೈತೇನ್ರಿ?"

ಈ ಮರುಪರೀಕ್ಷೆಗೆ ಶುಲ್ಕವೂ ಇರಲಿಲ್ಲ, ದಿನ ಬಿಡಬೇಕಾಗಿಯೂ ಇರಲಿಲ್ಲ. ಗಾಡಿ ತಿರುಗಿಸಿದೆ. ಹುರುಳಿಯ ಮೇಲೆ ಒಮ್ಮೆ ಹೋದೆ, ಒಮ್ಮೆ ಬಂದೆ. ಗಾಲಿಯ ಕೆಳಗೆ ಕಾಯಿ ಚಟಚಟ ಒಡೆಯುವುದು ಕೇಳಿ ಆಸೆಯಾಗಿ ಮತ್ತೊಮ್ಮೆ ಹೋದೆ. ಹಿಂದಿನ ಗಾಲಿ ಒಂದಿಷ್ಟು ಜಾರಿತು.

"ಅಕ್ಕಾ, ಗಾಡಿ ನಿನಗ ಇರ್ಲಿ, ನನ್ನ ಇಳಿಸಿಬಿಡು," ಎಂದ ಚನ್ನಬಸವ.

"ಈಗ ಪಾಸ್. ಹೋಗಿ ಬರ್ರಿ," ಎಂದಳು ಹನುಮಕ್ಕ.

ಮುಂದಿನ ಸಲ ಹೋದಾಗ ರಸ್ತೆ ಗುಡಿಸಿಟ್ಟ ಹಾಗಿತ್ತು. ಹನುಮಕ್ಕ ಕುರಿ ಹೊಡಕೊಂಡು ಹಡಗಲಿ ಕಡೆ ಹೋಗ್ಯಾಳ ಅಂದರು. ಹಾಗಾಗಿ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆವತ್ತು, ಸ್ಕೂಟರಿನ ಕನ್ನಡಿಯಲ್ಲಿ. ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ನಾನು ಒಕ್ಕಿದ ಹುರುಳಿಯನ್ನು ಗುಡಿಸಿ ಕೂಡಿಸುತ್ತಿದ್ದಳು. ತಿರುವು ಬಂದು ಅವಳು ಮರೆಯಾಗುವ ತನಕ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಮುಂದೆ ಕೂತು ರಸ್ತೆ ನೋಡಬೇಕೆಂದು ಇಷ್ಟೆಲ್ಲ ಪರೀಕ್ಷೆ ಬರೆದವಳು, ಕೊನೆಗೆ ಮುಂದೆ ಕೂತು ಹಿಂದೆಯೇ ನೋಡಿದೆ.