ಎರಡು ಗಾಳಿ ಬಂದೂಕುಗಳ ನಡುವೆ ನಮ್ಮ ಯಜಮಾನರು

ಅದಕ್ಕೊಂದು ಹೆಸರಿದೆ. ನ್ಯೂ... ನ್ಯೂಮ್ಯಾ... ನ್ಯುಮೋನಿಯಾದ ಹಾಗೆ ಶುರುವಾಗುತ್ತದೆ, ಆಮೇಲೆ ಬೇರೆ ಎಲ್ಲಿಗೋ ಹೋಗುತ್ತದೆ. ಅರ್ಧ ನಾಲಿಗೆಯ ಮೇಲಿದೆ, ಉಳಿದರ್ಧ ಬರುತ್ತಿಲ್ಲ. ಇರಲಿ, ಗಾಳಿ ಬಂದೂಕು ಎನ್ನುತ್ತೇನೆ, ಮೊಮ್ಮಗಳು ಹಾಗೇ ಬರೆದುಕೊಳ್ಳಲಿ. ನಳಿಗೆ ಮಡಚಿ ಒಂದೊಂದೇ ಗುಂಡು ತುರುಕುವ ಹಳೆಯ ಬಗೆಯಲ್ಲ. ಇದರ ಹೊಟ್ಟೆಯಲ್ಲಿ ಮೊದಲೇ ಗಾಳಿ ತುಂಬಿಸಿಟ್ಟಿರುತ್ತಾರೆ. ಕುಂಕುಮದ ಡಬ್ಬಿಯಷ್ಟು ಸಣ್ಣ ಮ್ಯಾಗಝೀನಿನಲ್ಲಿ ಗುಂಡುಗಳು ಸಾಲಾಗಿ ಕೂತಿರುತ್ತವೆ. ಹಿಡಿ ಎಳೆದರೆ ಒಂದು ನಳಿಗೆಯೊಳಕ್ಕೆ ಹೋಗುತ್ತದೆ, ಹೊಡೆದ ಮೇಲೆ ಮತ್ತೆ ಎಳೆದರೆ ಇನ್ನೊಂದು. ಇದನ್ನೆಲ್ಲ ಕಲಿಯುವ ಆಸೆ ನನಗೇನೂ ಇರಲಿಲ್ಲ. ಕಲಿಯಬೇಕಾಗಿ ಬಂತು.

ನಗಬಾರದ ಕಡೆಯಲ್ಲೇ ನಗು ಬರುವಂಥವು ನಮ್ಮ ಮನೆಯಲ್ಲಿ ನಡೆಯುತ್ತಲೇ ಇರುತ್ತವೆ. ನಾನು ಬೆಟಗೇರಿಯ ಹುಡುಗಿ. ನಮ್ಮಪ್ಪ ಮಗ್ಗಗಳಿಗೆ ರೇಷ್ಮೆ ಕೊಳ್ಳಲು ರಾಮನಗರಕ್ಕೆ ಬರುತ್ತಿದ್ದವರು, ಒಂದು ಸಲ ನೂಲಿನ ಜೊತೆಗೆ ಅಳಿಯನನ್ನೂ ಗೊತ್ತುಮಾಡಿಕೊಂಡು ವಾಪಸು ಬಂದರು. ಆಗಿನಿಂದ ನಾನು ಇಲ್ಲಿಯವಳು, ಮಾತು ಮಾತ್ರ ಇನ್ನೂ ಅಲ್ಲಿಯದು. ನಮ್ಮ ಯಜಮಾನರು ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಸುವ ರೀಲರ್. ಬಿಡುವು ಸಿಕ್ಕಾಗ ಹಿತ್ತಲ ಗೋಡೆಯ ಮೇಲೆ ಡಬ್ಬಿಯ ಮುಚ್ಚಳ ನಿಲ್ಲಿಸಿ ಗಾಳಿ ಬಂದೂಕಿನಿಂದ ಬೀಳಿಸುವುದು ಅವರಿಗಿದ್ದ ಒಂದೇ ಚಟ.

ಆಮೇಲೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಅರ್ಧಕ್ಕೆ ಬಂದವು. ಆಸ್ಪತ್ರೆಯಿಂದ ಮನೆಗೆ ಬಂದವರು ಗೋಡೆಯ ಕಡೆ ಮುಖಮಾಡಿ ಮಲಗಿಬಿಟ್ಟರು. ಊಟ ಬೇಕೇ ಎಂದರೂ ಬೇಡ, ಕಿಟಕಿ ತೆಗೆಯಲೇ ಎಂದರೂ ಬೇಡ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಕಾಲಿಗೆ ಶಕ್ತಿ ಬರುತ್ತೆ ಅಮ್ಮ. ಆದರೆ ಎದ್ದೇಳಬೇಕು ಅಂತ ಅವರಿಗೇ ಅನ್ನಿಸಬೇಕಲ್ಲ? ಏನಾದರೊಂದು ಬೇಕು ಅಂತ ಅವರ ಬಾಯಲ್ಲಿ ಬರಲಿ. ಇಲ್ಲದಿದ್ದರೆ ಹೀಗೇ ಇಳಿದು ಹೋಗ್ತಾರೆ" ಎಂದರು.

ನಾನು ಕಾದೆ. ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಅವರು ಗೋಡೆಗೆ ಹೇಳುವವರ ಹಾಗೆ, "ಹಳೇ ಗನ್ನು ಇನ್ನು ನನ್ ಕೈಲಿ ಮಡಚಕ್ಕಾಗಕಿಲ್ಲ. ಹೊಸಾದೊಂದು ತರ ಬಂದೈತಂತೆ. ಶಕ್ತಿ ಬ್ಯಾಡ್ವಂತೆ" ಎಂದರು. ನಾನು ಹಿಡಿದಿದ್ದ ಲೋಟವನ್ನು ಅಲ್ಲೇ ಇಟ್ಟು ಚನ್ನಪಟ್ಟಣದ ಅಂಗಡಿಗೆ ಫೋನು ಮಾಡಿಸಿದೆ.

ಹುಳ ಸತ್ತೈತೆ

ಅವರನ್ನು ಚನ್ನಪಟ್ಟಣದ ಬಸ್ಸಿಗೆ ಹತ್ತಿಸುವುದಕ್ಕೆ ಅವರ ಗೆಳೆಯರೊಬ್ಬರು ಜೊತೆಗೆ ಬಂದರು. ಮಾಗಡಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಕಾಲು ಎಳೆಯುತ್ತಿದ್ದ ಗೆಳೆಯನಿಗೂ ಅಭ್ಯಾಸಬಲದಿಂದ, "ಒಳಕ್ ಹೋಗು, ಒಳಕ್ ಹೋಗು, ಹಿಂದೆ ಜಾಗ ಐತೆ" ಎನ್ನುತ್ತಿದ್ದರು.

ಅಂಗಡಿಯವನು ಎರಡು ಬಂದೂಕುಗಳನ್ನು ಮೇಜಿನ ಮೇಲೆ ಇಟ್ಟ. ಒಂದಕ್ಕೆ ಮರದ ಹಿಡಿ, ಹಗುರ. ಆದರೆ ಅದರ ಹಿಂದಿರುವ ಸಣ್ಣ ಗುಂಡಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಎಳೆಯಬೇಕು. ಇನ್ನೊಂದು ಪೂರ್ತಿ ಕಪ್ಪು. ಅದರ ಪಕ್ಕದ ಲಿವರನ್ನು ಅಂಗೈಯಿಂದ ತಳ್ಳಿದರೂ ಸಾಕು, ಆದರೆ ಒನಕೆಯಷ್ಟು ಭಾರ. ಬಲಗೈಯ ಬೆರಳುಗಳಿಗೆ ಮೊದಲನೆಯದು ಆಗದು, ಎಡ ತೋಳಿಗೆ ಎರಡನೆಯದು ಆಗದು. ಅವರ ಮೈಯ ಎರಡು ಪಕ್ಕಗಳೇ ಜಗಳಕ್ಕೆ ಬಿದ್ದವು.

ಗೂಡಿನ ಮಾರ್ಕೆಟ್ಟಿನಲ್ಲಿ ರೀಲರುಗಳು ಗೂಡು ಹರಡಿದ ಜಾಲರಿಯಿಂದ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಹುಳ ಟಕಟಕ ಎಂದರೆ ಗೂಡು ಚೆನ್ನಾಗಿದೆ ಎಂದರ್ಥ. ಸದ್ದಿಲ್ಲದಿದ್ದರೆ ಹುಳ ಒಳಗೇ ಸತ್ತು ಕರಗಿದೆ ಎಂದು. ಯಜಮಾನರು ಅಷ್ಟು ವರ್ಷ ಮಾಡಿದ್ದು ಅದನ್ನೇ. ಮರದ ಬಂದೂಕನ್ನು ಎಡಗೈಯಿಂದ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆಲ್ಲೋ ಗುಂಡುಗಳು ಸಣ್ಣಗೆ ಸದ್ದು ಮಾಡಿದವು. ತಲೆದೂಗಿದರು.

"ತಾತ, ಅದು ಗನ್ನು," ಎಂದ ಅಂಗಡಿಯವನು.

"ಗೊತ್ತು ಕಣಪ್ಪ, ತಡಿ."

ಕಪ್ಪು ಬಂದೂಕನ್ನು ಎತ್ತಲು ಗೆಳೆಯರೂ ಕೈಜೋಡಿಸಬೇಕಾಯಿತು. ಅದರ ಮ್ಯಾಗಝೀನು ಖಾಲಿ. ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲ. ಯಜಮಾನರು ಅದನ್ನು ಕೆಳಗಿಟ್ಟು, ಎಷ್ಟೋ ತಿಂಗಳುಗಳ ಮೇಲೆ ಮೊದಲ ಬಾರಿಗೆ ಗಟ್ಟಿದನಿಯಲ್ಲಿ, "ಇದ್ರೊಳಗೆ ಹುಳ ಸತ್ತೈತೆ. ರೇಟು ಇಳ್ಸು" ಎಂದರು.

ಮೊದಲು ಬಂದದ್ದು ಪಂಪು

ಎರಡರಲ್ಲಿ ಯಾವುದು ಎಂದು ಅವತ್ತು ತೀರ್ಮಾನವಾಗಲಿಲ್ಲ. ಆದರೆ ಗಾಳಿ ತುಂಬಿಸುವ ಕೈಪಂಪು ಯಾವುದಕ್ಕಾದರೂ ಬೇಕೇ ಬೇಕಂತೆ. ಅಂಗಡಿಯಲ್ಲಿ ಪಂಪು ಒಂದೇ ಬಗೆಯದು ಇದ್ದದ್ದರಿಂದ ಯಜಮಾನರು ಅದನ್ನು ತಕ್ಷಣ ಕೊಂಡರು. ಹೀಗೆ ಬಂದೂಕಿಲ್ಲದ ಮನೆಗೆ ಬಂದೂಕಿನ ಪಂಪು ಬಂತು.

ಒತ್ತಲು ಅವರ ಕೈಯಲ್ಲಿ ಬಲವಿಲ್ಲ, ಹಾಗಾಗಿ ನಾನು ಒತ್ತಬೇಕು. "ಈಗ್ಲಿಂದ್ಲೇ ಅಭ್ಯಾಸ ಮಾಡ್ಕೊ" ಎಂದರು. ಬೆಳಿಗ್ಗೆ ಕಾಫಿ ಆದ ಮೇಲೆ, ಸಂಜೆ ದೀಪ ಹಚ್ಚಿದ ಮೇಲೆ, ನಡುಮನೆಯಲ್ಲಿ ನಿಂತು ಒತ್ತುತ್ತಿದ್ದೆ. ಅಂಗಡಿಯಿಂದ ಬಂದು ಮತ್ತೆ ಗೋಡೆಗೆ ಮುಖಮಾಡಿ ಮಲಗಿದ್ದವರು, ನನ್ನನ್ನು ನೋಡುವುದಕ್ಕೆಂದು ಈ ಕಡೆ ತಿರುಗಿ ಮಲಗಲು ಶುರುಮಾಡಿದರು. ಆಮೇಲೆ ದಿಂಬಿಗೆ ಒರಗಿ ಕೂತರು. ಅವರು ಕೂತದ್ದನ್ನು ಕಂಡು ನನ್ನ ರಟ್ಟೆ ನೋವು ಮರೆತುಹೋಗುತ್ತಿತ್ತು. ಒಂದು ಸಂಜೆ ಆ ಗೆಳೆಯರು ಬಾಗಿಲಲ್ಲೇ ನಿಂತರು.

"ಏನ್ ಮಾಡ್ತಿದ್ದೀ ಅತ್ಗಮ್ಮ?"

"ಗಾಳಿ ತುಂಬಾಕತ್ತೀನ್ರಿ."

"ಯಾತಕ್ಕೆ?"

"ಅದಿನ್ನೂ ನಿಶ್ಚಯ ಆಗಿಲ್ರಿ."

ಗಾಳಿಯನ್ನು ಗಾಳಿಗೇ ತುಂಬಿಸುವುದು ಬಹಳ ಸುಲಭ. ಅದೇ ಧೈರ್ಯದಲ್ಲಿ ಅಂಗಡಿಗೆ ಪಂಪು ಹೊತ್ತುಕೊಂಡು ಹೋಗಿ, ನಿಜವಾದ ಬಂದೂಕಿಗೆ ಸಿಕ್ಕಿಸಿ ಒತ್ತಿದೆ. ಪಂಪಿನ ಮೀಟರಿನ ಮುಳ್ಳು ಸ್ವಲ್ಪ ಏರಿತು, ಆಮೇಲೆ ಹಿಡಿ ಕೆಳಗಿಳಿಯಲೊಲ್ಲದು. ಹೊಟ್ಟೆಯನ್ನು ಅದರ ಮೇಲೆ ಹೇರಿದೆ. ಹಿಡಿ ಅಲ್ಲೇ ಉಳಿಯಿತು, ನನ್ನ ಕಾಲುಗಳು ನೆಲ ಬಿಟ್ಟವು.

"ಇಷ್ಟ್ ದಿನ ಮನೇಲಿ ಏನ್ ಕಲ್ತೆ ನೀನು?" ಎಂದರು ಯಜಮಾನರು.

ಅಂಗಡಿಯವನು ನನ್ನನ್ನು ಇಳಿಸಿ ನೀರು ಕೊಟ್ಟ. "ಅಮ್ಮಾರೇ, ನಮ್ಮಲ್ಲಿ ಗಾಳಿ ತುಂಬ್ಸೋ ಮೋಟ್ರು ಐತೆ. ಕೇಳಿದ್ರೆ ತುಂಬ್ಸಿಕೊಡ್ತಿದ್ದೆ" ಎಂದ. ಪಂಪು ಮಾರುವಾಗ ಈ ಮಾತು ಅವನಿಗೆ ನೆನಪಾಗಿರಲಿಲ್ಲ.

ಅಮ್ಮನ ಅಪ್ಪಣೆ

"ಅಮ್ಮನ್ನೇ ಕೇಳಿಬುಡಾನ ಕಣ್ಲಾ" ಎಂದರು ಗೆಳೆಯರು. ಕನಕಪುರದಿಂದ ಕಬ್ಬಾಳಿಗೆ ಹೋಗುವ ದಾರಿಯ ಬದಿಯಲ್ಲಿ ಒಂದು ಚಿಕ್ಕ ಗುಡಿ ಇದೆ. ಅಲ್ಲಿ ದೇವಿಯ ಎರಡು ಭುಜದ ಮೇಲೆ ಒದ್ದೆ ಹೂ ಅಂಟಿಸಿ ಅಪ್ಪಣೆ ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಒಂದು ಉತ್ತರ, ಎಡಗಡೆಯದು ಬಿದ್ದರೆ ಇನ್ನೊಂದು.

ಪೂಜಾರಿ ಹೂ ಅಂಟಿಸುತ್ತಾ, "ಮದ್ವೆ ವಿಚಾರವಾ, ಬೋರ್‌ವೆಲ್ಲಾ?" ಎಂದು ಕೇಳಿದರು.

"ಗನ್ನು," ಎಂದರು ಯಜಮಾನರು.

ಪೂಜಾರಿ ಹೂ ಕೈಯಲ್ಲೇ ಹಿಡಿದು ಗೆಳೆಯರ ಕಡೆ ತಿರುಗಿದರು. ಗೆಳೆಯರು ವಿವರಿಸಿದರು: ಬಲಕ್ಕೆ ಬಿದ್ದರೆ ಮರದ್ದು, ಎಡಕ್ಕೆ ಬಿದ್ದರೆ ಕಪ್ಪಂದು. ಎಲ್ಲರೂ ಕೈಮುಗಿದು ನಿಂತೆವು. ಅವರಿಬ್ಬರು ಬಂದೂಕಿನ ವಿಷಯ ಕೇಳುತ್ತಿದ್ದರು. ನಾನು ಕೇಳಿಕೊಳ್ಳುತ್ತಿದ್ದದ್ದು ಬೇರೆ. ಆ ವಾರ ಅವರ ಬಲಪಾದ ಮತ್ತೆ ತಣ್ಣಗಿತ್ತು, ಮಾತು ಸಂಜೆಯಾದರೆ ತೊದಲುತ್ತಿತ್ತು. ಮುಂದಿನ ಯುಗಾದಿಗೆ ಇವರು ನನ್ನೆದುರು ಕೂತು ಬೇವುಬೆಲ್ಲ ತಿನ್ನುತ್ತಾರೋ ಇಲ್ಲವೋ, ಅಷ್ಟು ಹೇಳು ತಾಯಿ ಎಂದು ಕೇಳುತ್ತಿದ್ದೆ.

ಬಹಳ ಹೊತ್ತು ಯಾವ ಹೂವೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಜಲ್ಲಿ ತುಂಬಿದ ಲಾರಿಯೊಂದು ನೆಲ ನಡುಗಿಸುತ್ತಾ ಹೋಯಿತು. ಎರಡೂ ಹೂ ಒಟ್ಟಿಗೇ ಬಿದ್ದವು.

"ಎಲ್ಡೂ ತಗೋ ಅಂತವ್ಳೆ," ಎಂದರು ಯಜಮಾನರು.

"ಎಲ್ಡೂ ಬ್ಯಾಡ ಅಂತ್ಲೂ ಇರ್ಬೋದು," ಎಂದ ಪೂಜಾರಿ ಹೂ ಆರಿಸಿ ನಮ್ಮ ಕೈಗಿಟ್ಟರು. "ಮುಂದ್ಲ ಸಲ ಬೋರ್‌ವೆಲ್ ಇದ್ರೆ ಬನ್ನಿ ಯಜಮಾನ್ರೇ. ಅದಾದ್ರೆ ಅಮ್ಮಂಗೂ ಅಭ್ಯಾಸ ಐತೆ."

ಒಂದೇ ಏಟಿಗೆ ಎರಡು

ಅಂಗಡಿಯ ಹಿಂದೆ ಹೊಡೆದು ನೋಡಲು ಒಂದು ಉದ್ದನೆಯ ಜಾಗವಿತ್ತು, ಕೊನೆಯಲ್ಲಿ ಮರಳು ಮೂಟೆ, ಅದಕ್ಕೆ ಅಂಟಿಸಿದ ಕಾಗದ. ಯಜಮಾನರು ಕುರ್ಚಿಯಲ್ಲಿ ಕೂತು, ಕಪ್ಪು ಬಂದೂಕನ್ನು ಮೇಜಿಗೆ ಆನಿಸಿ, ಲಿವರ್ ಎಳೆದು ತಳ್ಳಿದರು. ಗುರಿ ಹಿಡಿದರು. ಆಮೇಲೆ ತಲೆಯೆತ್ತಿ ಲಿವರನ್ನು ನೋಡಿದರು. ಎಳೆದೆನೋ ಇಲ್ಲವೋ ಎಂಬ ಅನುಮಾನ ಬಂದಿತ್ತು. ಮತ್ತೊಮ್ಮೆ ಎಳೆದು ಹೊಡೆದರು.

ಕಾಗದದಲ್ಲಿ ಎರಡು ತೂತು.

"ಏನ್ಲಾ ಇದು!" ಎಂದರು ಗೆಳೆಯರು.

ಯಜಮಾನರ ಮುಖ ಹಳೆಯ ಕಾಲದ ಹಾಗಾಗಿತ್ತು. ಅಂಗಡಿಯವನು ನನ್ನ ಹತ್ತಿರ ಬಗ್ಗಿ, "ಎಲ್ಡು ಸಲ ಎಳೆದ್ರು ಅಮ್ಮಾರೇ, ಒಳಗೆ ಎಲ್ಡು ಗುಂಡು ಕೂತ್ಕೊಂಡ್ವು" ಎಂದು ಪಿಸುಗುಟ್ಟಿದ. ನನಗೆ ಗೊತ್ತಾಗಿತ್ತು. ಮನೆಯಲ್ಲಿ ಬಿ.ಪಿ. ಮಾತ್ರೆಯನ್ನೂ ಅವರು ಹೀಗೇ ಎರಡೆರಡು ಸಲ ನುಂಗುತ್ತಿದ್ದರು. ಮಾತ್ರೆಯ ಡಬ್ಬಿಯನ್ನು ನಾನು ಅಕ್ಕಿಯ ಡ್ರಮ್ಮಿನೊಳಗೆ ಮುಚ್ಚಿಡಲು ಶುರುಮಾಡಿದ್ದೆ. "ಹೇಳಬ್ಯಾಡ್ರಿ" ಎಂದೆ. ಅವನು ಹೇಳಲಿಲ್ಲ.

ಯಜಮಾನರು ಹೇಳಿದರು. ಮಾರ್ಕೆಟ್ಟಿನವರೆಗೂ ಕೋಲೂರಿಕೊಂಡು ನಡೆದುಹೋಗಿ ಕಂಡಕಂಡವರಿಗೆಲ್ಲ ಹೇಳಿದರು. ಅವರು ಅಷ್ಟು ದೂರ ನಡೆದದ್ದು ಅದೇ ಮೊದಲು. ಮುಂದಿನ ವಾರ ನಾವು ಹೋದಾಗ ಅಂಗಡಿಯವನು ತಲೆಯ ಮೇಲೆ ಕೈಹೊತ್ತು ಕೂತಿದ್ದ. "ರಾಮನಗರದಿಂದ ನಾಕು ಜನ ಬಂದು ಹೋದ್ರು ತಾತ. ಒಂದೇ ಏಟಿಗೆ ಎಲ್ಡು ಹೊಡಿಯೋ ಗನ್ನೇ ಬೇಕಂತೆ. ಬೇರೆ ಯಾವ್ದೂ ಬ್ಯಾಡ್ವಂತೆ."

ತಿಥಿಯ ದಿನ

"ಸೋಮವಾರ ಹೇಳ್ತೀನಿ, ಒಂದನ್ನ ತಗೊಂಡೇಬುಡಾನ" ಎಂದಿದ್ದರು ಯಜಮಾನರು. ಭಾನುವಾರ ಬೆಳಿಗ್ಗೆ ಎರಡನೇ ಸ್ಟ್ರೋಕ್ ಬಂತು. ಈ ಸಲ ಆಸ್ಪತ್ರೆಯಿಂದ ವಾಪಸು ಕರೆದುಕೊಂಡು ಬರಲಿಲ್ಲ, ಹೊತ್ತುಕೊಂಡು ಬಂದರು.

ತಿಥಿಯ ದಿನ ಹಿತ್ತಲಲ್ಲಿ ಎಡೆ ಇಟ್ಟೆವು. ಈ ಸೀಮೆಯಲ್ಲಿ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಹತ್ತಿರ ಇಡುತ್ತಾರೆ. ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ರಾಗಿ ಮುದ್ದೆ, ಬಸ್ಸಾರು, ವಡೆ, ಪಾಯಸ ಬಡಿಸಿದೆವು. ಗೆಳೆಯರು ಚನ್ನಪಟ್ಟಣದ ಅಂಗಡಿಯವನನ್ನು ಕೇಳಿ ಆ ಎರಡೂ ಬಂದೂಕುಗಳನ್ನು ತರಿಸಿ, ಗಾಳಿ, ಗುಂಡು ತೆಗೆಸಿ, ಎಲೆಯ ಆಚೆಗೊಂದು ಈಚೆಗೊಂದು ಇಟ್ಟರು. ಯಾವುದು ಇಷ್ಟವಾಗಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲವಲ್ಲ.

ಎಲ್ಲರೂ ಹಿಂದೆ ಸರಿದು ನಿಂತೆವು. ಕಾಗೆಗಳು ಗೋಡೆಯ ಮೇಲೆ ಸಾಲಾಗಿ ಕೂತು ನೋಡಿದವು. ಒಂದೂ ಕೆಳಗಿಳಿಯಲಿಲ್ಲ. ಮುದ್ದೆ ಆರಿ ಬಿರುಕು ಬಿಟ್ಟಿತು. "ಆಸೆ ಉಳ್ಕೊಂಡೈತೆ" ಎಂದು ಯಾರೋ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಗೋಡೆಯ ಕಡೆ ತಿರುಗಿ ಮಲಗಿದ್ದ ಮನುಷ್ಯನನ್ನು ಎಬ್ಬಿಸಿ ನಡೆಸಿದ್ದ ಆ ಒಂದು ಆಸೆ ಈಗ ಅವರನ್ನು ಹೋಗಗೊಡದೆ ಹಿಡಿದುಕೊಂಡಿದೆಯೇ ಎನ್ನಿಸಿತು.

ಗೆಳೆಯರು ಕಣ್ಣೊರೆಸಿಕೊಂಡು ಮುಂದೆ ಹೋದರು. ಹೀಗಾದಾಗ ಹತ್ತಿರದವರು ಯಾರಾದರೂ ಮಾತು ಕೊಡುವುದು ಪದ್ಧತಿ. ಮರದ ಬಂದೂಕನ್ನು ಎರಡೂ ಕೈಯಿಂದ ಎತ್ತಿ ಕಾಗೆಗಳಿಗೆ ಕಾಣುವ ಹಾಗೆ ಹಿಡಿದು, "ಲೇ, ಮರದ್ದನ್ನೇ ತಗೊತೀವಿ ಕಣ್ಲಾ. ಬಾರ್ಲಾ" ಎಂದರು.

ಕಾಗೆಗಳೆಲ್ಲ ಎದ್ದು ಪಕ್ಕದ ಮನೆಯ ತೆಂಗಿನ ಮರಕ್ಕೆ ಹಾರಿದವು.

"ಇದಲ್ವಂತೆ," ಎಂದ ಗೆಳೆಯರು ಕಪ್ಪು ಬಂದೂಕನ್ನು ಎತ್ತಿ ತೆಂಗಿನ ಮರದ ಕಡೆ ತಿರುಗಿಸಿದರು. "ಹೋಗ್ಲಿ ಬುಡು, ಇದ್ನೇ ತಗೊಳಾನ. ಬಾ."

ಕಾಗೆಗಳು ಮುಂದಿನ ಬೀದಿಗೆ ಹೋದವು.

"ಎಷ್ಟ್ ಆಸೆ ಇತ್ತೋ ಏನೋ ಮಾರಾಯಂಗೆ," ಎಂದು ಹಿರಿಯರೊಬ್ಬರು ಬಿಕ್ಕಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಭುಜ ಕುಲುಕುತ್ತಿದ್ದದ್ದನ್ನು ಕಂಡು ಹೆಂಗಸರೆಲ್ಲ ಬಂದು ತಬ್ಬಿಕೊಂಡು ಅತ್ತರು. ಕೊನೆಗೆ ನಮ್ಮ ಮೊಮ್ಮಗಳು, "ಗನ್ ನೋಡಿದ್ರೆ ಯಾವ ಕಾಗೆ ಬರುತ್ತೆ ಅಜ್ಜಿ?" ಎಂದಳು. ಅಷ್ಟು ಜನ ಹಿರಿಯರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಬಂದೂಕುಗಳನ್ನು ಒಳಗೆ ಕಳಿಸಿ ನಾನೇ ಎಲೆಯ ಮುಂದೆ ಹೋಗಿ ನಿಂತೆ. "ರೀ, ಬರ್ರಿ," ಎಂದೆ. "ಅವಸರ ಏನಿಲ್ಲ. ಬಂದೂಕಾ ಆಮ್ಯಾಲೆ ಆರಿಸೋಣಂತ. ಮೊದಲ ಉಣ್ರಿ."

ಸ್ವಲ್ಪ ಹೊತ್ತಿಗೆ ಒಂದೇ ಒಂದು ಕಾಗೆ ಇಳಿದು ಬಂತು. ಕುಪ್ಪಳಿಸಿ ಮುದ್ದೆಯ ಹತ್ತಿರ ಹೋಗಿ ನೋಡಿತು. ಅದನ್ನು ಬಿಟ್ಟು ವಡೆಯ ಹತ್ತಿರ ಹೋಯಿತು. ಕತ್ತು ಓರೆ ಮಾಡಿ ಯೋಚಿಸಿ ಮತ್ತೆ ಮುದ್ದೆಗೆ ಬಂತು. ಮತ್ತೆ ವಡೆಗೆ. ಯಾವುದನ್ನೂ ಮುಟ್ಟಲಿಲ್ಲ.

ಗೆಳೆಯರು ನೆಲದ ಮೇಲೆ ಕುಸಿದು ಕೂತರು. "ಇವ್ನೇ ಕಣತ್ಗಮ್ಮ. ಅನುಮಾನವೇ ಬ್ಯಾಡ."

ಮಗಾ, ಇದೊಂದನ್ನ ಮರೀದ ಬರೆದಿಡವಾ. "ಕೊನೆಗೆ ಯಾವುದು ತಿಂತು ಅಂತ ಬರೀಲಿ ಅಜ್ಜಿ?" ಅಂತ ಕೇಳ್ತೀಯಲ್ಲ, ವಡೆ ಕಚ್ಚಿಕೊಂಡು ಹಾರಿತು ಅಂತ ಬರಿ. ಗೋಡೆಯ ಮೇಲೆ ಕೂತು ಮುದ್ದೆಯನ್ನೇ ನೋಡುತ್ತಿತ್ತು ಅಂತಲೂ ಬರಿ.