ಆಮೆನ್ ಅನ್ನದ ಮನೆ

ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು ಸುಲಭ ಎನ್ನುವವರ ಮನೆಯಲ್ಲಿ ಮಕ್ಕಳು ಪ್ರಶ್ನೆ ಕೇಳುವುದಿಲ್ಲವೆಂದು ಕಾಣುತ್ತದೆ. ನಾನು ಆಳಂದದ ನಮ್ಮ ಚರ್ಚಿನಲ್ಲಿ ಭಾನುವಾರ ಸಂಡೇ ಸ್ಕೂಲು ನಡೆಸುವವನು. ಬೇರೆಯವರ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ದೇವರ ಪ್ರೀತಿಯ ಬಗ್ಗೆ ಹೇಳುವಾಗ ನನ್ನ ಮಾತು ತಡವರಿಸಿದ್ದೇ ಇಲ್ಲ. ಮನೆಯಲ್ಲಿ ಇರುವುದು ಒಬ್ಬಳೇ ಮಗಳು, ಸ್ತುತಿ, ಒಂದನೇ ತರಗತಿ. ಅವಳು ಬಾಯಿ ತೆರೆದರೆ ನನಗೆ ಬಾಯಾರುತ್ತದೆ. "ದೇವರಿಗೆ ಎಲ್ಲಾ ಮೊದಲೇ ಗೊತ್ತಿದ್ರ ನಾವ್ಯಾಕ ಹೇಳಬೇಕು ಪಪ್ಪಾ?" ಎಂದು ಕೇಳಿದ ದಿನ ನೀರು ಕುಡಿಯಲು ಒಳಗೆ ಹೋದವನು, ಬಿಂದಿಗೆಯ ಪಕ್ಕದಲ್ಲೇ ಬಹಳ ಹೊತ್ತು ನಿಂತಿದ್ದೆ.

ನಮ್ಮ ಮನೆಯ ಸಂಜೆಯ ಪ್ರಾರ್ಥನೆ ಮೊದಲಿನಿಂದಲೂ ನನ್ನ ತಂದೆಯದು. ಸ್ತುತಿಗೆ ಅವರು ಮುತ್ಯಾ. ಅವರ ಪ್ರಾರ್ಥನೆ ಎಲ್ಲ ಊರಿಗೂ ನಿಲ್ಲುವ ಬಸ್ಸಿನಂತೆ. ಆಳಂದದಲ್ಲಿ ಹೊರಟರೆ ಗೊಬ್ಬೂರಿನಲ್ಲಿ ತಂಗಿಯ ಮೊಣಕಾಲು ನೋವಿಗೆ ನಿಲ್ಲುವುದು, ಅಫಜಲಪುರದಲ್ಲಿ ಯಾರದೋ ಎಮ್ಮೆಯ ಬಾಣಂತನಕ್ಕೆ ನಿಲ್ಲುವುದು, ಜೇವರ್ಗಿಯಲ್ಲಿ ಸೋದರಳಿಯನ ಕುಡಿತ ಬಿಡಿಸಲು ತುಸು ಹೆಚ್ಚೇ ಹೊತ್ತು ನಿಲ್ಲುವುದು. ನನ್ನ ಹೆಂಡತಿ ಪ್ರಮೀಳಾ ಒಲೆಯ ಕಡೆಗೊಂದು ಕಿವಿ ಇಟ್ಟುಕೊಂಡು, "ಮಾವಾರು ಇನ್ನಾ ಜೇವರ್ಗಿ ಮುಟ್ಟಿಲ್ರಿ, ಬ್ಯಾಳಿ ಇನ್ನಷ್ಟು ಕುದೀಲಿ" ಎಂದು ನನ್ನ ಕಿವಿಯಲ್ಲಿ ಹೇಳುವಳು. ಕೊನೆಯ ಆಮೆನ್ ಮಾತ್ರ ಅಪ್ಪ ಹೇಳುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು ಅದನ್ನು ಹೇಳಬೇಕೆಂಬುದು ಅವರೇ ಮಾಡಿಟ್ಟ ಪದ್ಧತಿ. ಸ್ತುತಿ ಮಾತು ಕಲಿತಾಗಿನಿಂದ ಅದು ಅವಳ ಕೆಲಸ. ಅವಳು ಗಟ್ಟಿಯಾಗಿ "ಆಮೆನ್" ಎನ್ನುವ ತನಕ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಪಕ್ಕದ ಮನೆಯ ಶಾಂತಮ್ಮ, ಲಿಂಗಪೂಜೆ ತಪ್ಪಿಸದ ಹೆಂಗಸು, ಮೊಸರೋ ಪಲ್ಯವೋ ಹಿಡಿದು ಬಂದರೆ ಆಮೆನ್ ಕೇಳಿದ ಮೇಲೆಯೇ ಹೊಸ್ತಿಲು ದಾಟುವರು.

ಈ ಚಳಿಗಾಲದಲ್ಲಿ ಅಪ್ಪನಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆವು. ಪ್ರಾರ್ಥನೆ ಸ್ತುತಿಯ ಪಾಲಿಗೆ ಬಂತು. "ಯೇಸಪ್ಪಾ, ಮುತ್ಯಾಗ ಆರಾಮ ಮಾಡು" ಎಂದು ಅವಳು ಹೇಳಿದ್ದನ್ನೇ ಹೇಳುವಳು. ಒಂದು ಸಂಜೆ ತಮ್ಮನನ್ನು ಆಸ್ಪತ್ರೆಯಲ್ಲಿ ಬಿಟ್ಟು, ಬಟ್ಟೆ ಒಯ್ಯಲು ನಾನು ಮನೆಗೆ ಬಂದಿದ್ದೆ. ಶಾಂತಮ್ಮ ಶೇಂಗಾ ಹೋಳಿಗೆ ಕಳಿಸಿದ್ದರು. ಅಂದಿನ ಪ್ರಾರ್ಥನೆ ಚಿಕ್ಕದಾಯಿತು. ಆಮೆನ್ ಅಂದಳು, ಹೋಳಿಗೆ ಮುರಿದಳು, ನನ್ನ ಫೋನು ರಿಂಗಾಯಿತು. ತಮ್ಮ, "ಅಣ್ಣಾ, ಅಪ್ಪ ಹೋದ" ಎಂದ. ಇದೇ ಕ್ರಮದಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಅವಳೂ ಅದೇ ಕ್ರಮದಲ್ಲಿ ಕಂಡಿದ್ದಳು ಎಂಬುದು ನನಗೆ ಹೊಳೆಯಲಿಲ್ಲ.

ಮಣ್ಣು ಮುಗಿದು, ನೆಂಟರು ಹೋಗಿ, ಮತ್ತೆ ಸಂಜೆ ಚಾಪೆ ಹಾಸಿದೆವು. ನಾನು ಪ್ರಾರ್ಥಿಸಿದೆ. ಕೊನೆಗೆ ಕಾದೆವು. ಸ್ತುತಿ ತುಟಿ ಬಿಗಿದು ಕುಳಿತಿದ್ದಳು. ಪ್ರಮೀಳಾ ಮೊಣಕೈಯಿಂದ ತಿವಿದರೂ ಇಲ್ಲ. ಮರುದಿನವೂ ಇಲ್ಲ. ಊಟವನ್ನೇನೋ ಮಾಡಿದೆವು, ಆದರೆ ಕದ್ದು ಉಣ್ಣುವವರ ಹಾಗೆ. ಶಾಂತಮ್ಮ ಬಟ್ಟಲು ಹಿಡಿದು ಬಾಗಿಲ ಹೊರಗೇ ನಿಂತಿದ್ದರು.

"ಯಾಕ್ರಿ ಅಕ್ಕಾ, ಒಳಗ ಬರ್ರಿ" ಎಂದಳು ಪ್ರಮೀಳಾ.

"ನಿಮ್ಮ ಕೂಸಿನ ಆಮೆನ್ ಕೇಳಸಲಿಲ್ಲವ್ವಾ. ದೇವರ ಮುಂದ ಕುಂತೀರಿ, ನಡುವ ಹೆಂಗ ಬರ್ಲಿ? ಮೊಸರು ನೋಡು, ನಿಂತಲ್ಲೇ ಹುಳಿ ಆಗಾಕತ್ತದ."

ಪ್ರಮೀಳಾ ನಕ್ಕಳು. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು.

ಚರ್ಚಿನಲ್ಲಿ ಸಭೆಯೆಲ್ಲ ಆಮೆನ್ ಎಂದಾಗ ಸ್ತುತಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಪಾಸ್ಟರು ಕರೆದು ಚಾಕಲೇಟು ಕೊಟ್ಟು, "ಒಂದ್ಸಲ ಆಮೆನ್ ಅನ್ನವ್ವಾ" ಎಂದರು. ಚಾಕಲೇಟು ತಿಂದಳು, "ಥ್ಯಾಂಕ್ಯೂ ಪಾಸ್ಟರಂಕಲ್" ಎಂದಳು, ಬಂದುಬಿಟ್ಟಳು. ಸಂಡೇ ಸ್ಕೂಲಿನ ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಅಂದು ನಾನು ಹೇಳಿದ ಪಾಠ ಯಾವುದೆಂದು ನೆನಪಿಲ್ಲ.

ಮನೆಗೆ ಬಂದು ಅವಳ ಜಡೆ ಬಿಚ್ಚುತ್ತ ಮೆಲ್ಲಗೆ ಕೇಳಿದೆ. ನನ್ನ ಕಡೆ ಬೆನ್ನು ಮಾಡಿ ಕುಳಿತಿದ್ದರಿಂದಲೋ ಏನೋ, ಹೇಳಿದಳು.

"ಅವತ್ತ ನಾ ಲಗೂ ಆಮೆನ್ ಅಂದೆ. ಹೋಳಿಗಿ ಸಲುವಾಗಿ. ಪ್ರಾರ್ಥನಿ ಮುಗೀತು ಅಂತ ಯೇಸಪ್ಪ ಎದ್ದು ಹೋದ. ಮುತ್ಯಾನ ಕಡೀಗಿ ಯಾರೂ ಇರಲಿಲ್ಲ."

ಇಷ್ಟು ದಿನ ಈ ಸಣ್ಣ ಹೆಗಲು ಇದನ್ನು ಹೊತ್ತುಕೊಂಡು ಶಾಲೆಗೆ ಹೋಗಿ ಬಂದಿದೆ. ನಾನು ಮಗ್ಗಿ ಕೇಳಿದ್ದೇನೆ, ಉಗುರು ತೆಗೆದಿದ್ದೇನೆ, ಇದೊಂದನ್ನು ಕೇಳಿರಲಿಲ್ಲ. ದೇವರು ಹಾಗೆ ಎದ್ದು ಹೋಗುವುದಿಲ್ಲ ಎಂದೆ. ಮುತ್ಯಾನ ಎದೆ ಸೋತಿತ್ತು, ನಿನ್ನ ಆಮೆನ್‌ಗೂ ಅದಕ್ಕೂ ಸಂಬಂಧವಿಲ್ಲ, ಹೋಳಿಗೆಗಂತೂ ಇಲ್ಲವೇ ಇಲ್ಲ ಎಂದೆ. ಅವಳು ತಿರುಗಿ ನೋಡಿದಳು.

"ನೀನೂ ಆರಾಮ ಮಾಡು ಅಂತ ಕೇಳಿದ್ದಿಯೇನು?"

"ಕೇಳಿದ್ದೆನವ್ವಾ. ದವಾಖಾನಿ ಮೆಟ್ಟಲ ಮ್ಯಾಗ ಕುಂತು ಕೇಳಿದ್ದೆ."

"ಮತ್ತ್ಯಾಕ ಮಾಡಲಿಲ್ಲ?"

"ನನಗ ಗೊತ್ತಿಲ್ಲ."

ಅಷ್ಟು ವರ್ಷ ಪಾಠ ಹೇಳಿದವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅವಳಿಗೆ ಅದು ಸಾಕೆನಿಸಿತೋ ಇಲ್ಲವೋ, ಎದ್ದು ಹೋದಳು.

ಆ ಸಂಜೆ ಪ್ರಾರ್ಥನೆಗೆ ಕುಳಿತೆ. ನನ್ನಲ್ಲಿ ಸಿದ್ಧವಾದ ವಾಕ್ಯಗಳಿಗೆ ಬರವಿಲ್ಲ. ಆದರೆ "ಕರ್ತನೇ, ನಮ್ಮ ಅಪ್ಪ" ಎಂದೆ, ಮುಂದೆ ಬರಲಿಲ್ಲ. ಮತ್ತೆ "ನಮ್ಮ ಅಪ್ಪ" ಎಂದೆ. ಮಣ್ಣು ಕೊಡುವಾಗಲೂ ಬಾರದ ಅಳು ಅಲ್ಲಿ ಬಂತು. ನಿಲ್ಲಿಸಲೂ ಆಗದೆ, ಮುಗಿಸಲೂ ಆಗದೆ ತಲೆ ತಗ್ಗಿಸಿ ಕುಳಿತೆ. ಆಮೇಲೆ ಒಂದು ಪುಟ್ಟ ಕೈ ನನ್ನ ಮೊಣಕಾಲಿನ ಮೇಲೆ ಬಂತು.

"ಆಮೆನ್" ಎಂದಳು ಸ್ತುತಿ.

ನಾನು ಮುಖ ಒರೆಸಿಕೊಂಡು, "ಯೇಸಪ್ಪ ಎದ್ದು ಹೋದನೇನವ್ವಾ?" ಎಂದೆ.

ಅವಳು ಚಾಪೆಯ ಸುತ್ತ ಒಮ್ಮೆ ನೋಡಿದಳು. "ಇಲ್ಲ. ನೀ ಅಳಾಕತ್ತಿದ್ದಿ. ಹೆಂಗ ಹೋಗ್ತಾನ?"

ಮಕ್ಕಳ ವಿಶ್ವಾಸ ಬೆಳೆಸುವ ಹೊಣೆ ತಂದೆಯದು ಎಂದು ನಾನು ಈಗಲೂ ಸಂಡೇ ಸ್ಕೂಲಿಗೆ ಬರುವ ತಾಯಿತಂದೆಯರಿಗೆ ಹೇಳುತ್ತೇನೆ, ಸ್ವಲ್ಪ ಮೆಲುದನಿಯಲ್ಲಿ. ಮನೆಯಲ್ಲಿ ನಾನು ಪ್ರಾರ್ಥಿಸುವಾಗ ಅವಳು ಒಂದು ಕಣ್ಣು ತೆರೆದು, ನಾನು ಮತ್ತೆ ನಡುವೆ ನಿಂತುಬಿಡುತ್ತೇನೋ ಎಂದು ನನ್ನನ್ನೇ ಕಾಯುತ್ತಿರುತ್ತಾಳೆ. ಕಣ್ಣು ಮುಚ್ಚು ಎಂದು ಗದರಿಸೋಣವೆಂದರೆ, ನನ್ನದು ತೆರೆದಿರುವುದು ನಿನಗೆ ಹೇಗೆ ಗೊತ್ತಾಯಿತು ಎಂದು ಅವಳು ಕೇಳದೆ ಬಿಡುವವಳಲ್ಲ.