ದೊಡ್ಡವ್ವನ ಕಹಿ ಸೀಸೆ

ನಮ್ಮ ದೊಡ್ಡವ್ವ ಜನ್ಮದಲ್ಲಿ ಒಂದು ಸಲ ಬಿಟ್ಟರೆ ಸಾರಾಯಿಯನ್ನು ನಾಲಿಗೆಗೆ ಮುಟ್ಟಿಸಿದವಳಲ್ಲ. ಆದರೆ ಶಹಾಬಾದಿನ ನಮ್ಮ ಓಣಿಯಲ್ಲಿ ಅವಳಷ್ಟು ಜನರಿಗೆ ಸಾರಾಯಿ ಕುಡಿಸಿದವರು ಇನ್ನೊಬ್ಬರಿರಲಿಲ್ಲ. ಸಾರಾಯಿ ಅಂಗಡಿಯವನೂ ಅಲ್ಲ! ಅವನ ಗಿರಾಕಿಗಳು ತಾವಾಗಿ ಬರುತ್ತಿದ್ದರು. ಇವಳು ಹಿಡಿದು ಕುಡಿಸುತ್ತಿದ್ದಳು.

ದೇವರ ಗೂಡಿನ ಪಕ್ಕದ ಮಾಡದಲ್ಲಿ ಅವಳ ಸೀಸೆ. ಚಿಂಚೋಳಿ ಕಡೆಯ ಇಪ್ಪೆಹೂವಿನ ಸಾರಾಯಿಯಲ್ಲಿ ನೆಲಬೇವು, ಅಮೃತಬಳ್ಳಿ, ಬೇವಿನ ತೊಗಟೆ, ಒಣಶುಂಠಿ ನೆನೆದು ಅದರ ಬಣ್ಣ ಕಾಗಿಣಾ ನದಿಯ ಹೊಸನೀರಿನಂತಿರುತ್ತಿತ್ತು. ಇದು ಅವಳೇ ಕಂಡುಹಿಡಿದದ್ದಲ್ಲ. ನಿಜಾಮರ ಕಾಲದಲ್ಲಿ ಯಾವನೋ ಹಕೀಮ ಅವಳ ಅತ್ತೆಗೆ ಹೇಳಿಕೊಟ್ಟನಂತೆ. ಅತ್ತೆ ಅದನ್ನು ಬಾಣಂತಿಯರಿಗೆ, ಚಳಿಜ್ವರದವರಿಗೆ ಚಮಚದಲ್ಲಿ ಕೊಡುತ್ತಿದ್ದಳು. ನೆಲಕ್ಕೆ ಹಾಸುವ ಫರಸಿಕಲ್ಲು ಹೊತ್ತು ಸೊಂಟ ಹಿಡಿದವರಿಗೆ ತಿಕ್ಕುತ್ತಿದ್ದಳು. ದೊಡ್ಡವ್ವನ ಕಾಲಕ್ಕೆ ಶಾಲೆಗೆ ಹೋಗಲು ಮನಸ್ಸಿಲ್ಲದಿರುವುದೂ ಒಂದು ರೋಗವಾಯಿತು. ನನಗೊಮ್ಮೆ ಆ ರೋಗ ಬಂದಿತ್ತು. ಅವಳು ಬಿರಡೆ ತೆಗೆಯುವಷ್ಟರಲ್ಲಿ ನಾನು ಶಾಲೆ ಮುಟ್ಟಿದ್ದೆ.

ಸೀಸೆಯನ್ನು ಸೆರಗಿನಿಂದಲೇ ಹಿಡಿಯಬೇಕು, ಆಮೇಲೆ ಕೈ ತೊಳೆಯಬೇಕು. ಇದು ಅವಳ ಮಡಿ. ಕುಡಿಯುವವರಿಗೂ ಒಂದು ಕಾನೂನು: ಮುಖ ಕಿವಿಚುವಂತಿಲ್ಲ.

"ಮಾರಿ ಸೊಟ್ಟ ಮಾಡಿದ್ರ ಔಷಧಕ್ಕ ಅವಮಾನ ಆಗ್ತದ. ನಮ್ಮ ಮನಿಯವರನ್ನ ನೋಡ್ರಿ, ಹಾಲು ಕುಡಿದಂಗ ಕುಡೀತಾರ."

ಒಮ್ಮೆ ವಾಡಿಯಿಂದ ಬಂದ ಬೀಗರು ಬಾಯಿ ತಪ್ಪಿ, "ಮೈ ಭಾಳ ನೋಯ್ತದ್ರಿ" ಅಂದುಬಿಟ್ಟರು. ಚಮಚ ಇಳಿದದ್ದೇ ತಡ, ಬಚ್ಚಲಿಗೆ ಓಡಿದರು. ಮುಂದಿನ ಸಲ ಬಂದಾಗ ಹೊಸ್ತಿಲಲ್ಲೇ ನಿಂತು, ಯಾರೂ ಕೇಳುವ ಮೊದಲೇ, "ಆರಾಮ ಇದ್ದೀನ್ರಿ, ಪೂರಾ ಆರಾಮ" ಎಂದರು.

ಈ ಸೀಸೆ ದೊಡ್ಡವ್ವನ ಕೈಗೆ ಬಂದದ್ದು ದೊಡ್ಡಪ್ಪನ ದೆಸೆಯಿಂದ. ಅವರು ಕಲ್ಲಿನ ಖಣಿಯಲ್ಲಿ ದುಡಿದು ದಿನಾ ಸಂಜೆ ಕುಡಿದು ಬರುತ್ತಿದ್ದರಂತೆ. ಹೊಸ ಸೊಸೆಯಾಗಿದ್ದ ದೊಡ್ಡವ್ವ ಒಂದು ದಿನ ಟ್ರಂಕಿಗೆ ಸೀರೆ ತುಂಬಿ ಬಾಗಿಲಲ್ಲಿಟ್ಟು, ಅತ್ತೆಯ ಸೀಸೆ ಹಿಡಿದು ನಿಂತಳು.

"ಇವತ್ತಿನಿಂದ ನಾ ಕೊಟ್ಟದ್ದು, ನಾ ಕೊಟ್ಟಷ್ಟ ಕುಡೀಬೇಕು. ಇಲ್ಲಾಂದ್ರ ನಾ ದಂಡೋತಿಗಿ ಹೋಗ್ತೀನಿ."

ದಂಡೋತಿ ಅವಳ ತವರು. ಕಹಿಗೆ ಹೆದರಿ ದೊಡ್ಡಪ್ಪ ಕುಡಿತವನ್ನೇ ಬಿಡುತ್ತಾರೆಂದು ಅವಳು ನಂಬಿದ್ದಳು. ಅವರೋ ದಿನಾ ಸಂಜೆ ಅವಳೆದುರು ಕೂತು, ಮುಖದ ಒಂದು ಗೆರೆಯನ್ನೂ ಅಲುಗಿಸದೆ ಒಂದು ಚಮಚ ಕುಡಿದು ಏಳುತ್ತಿದ್ದರು. ಅಂಗಡಿಯ ಕಡೆ ಮತ್ತೆ ಸುಳಿಯಲಿಲ್ಲ. ಸಾರಾಯಿಯಲ್ಲಿ ನೆನೆದರೆ ಬೇವಿನ ಕಹಿಯೂ ಹೋಗುತ್ತದೆ, ಉಳಿದವರೆಲ್ಲ ನಾಟಕ ಮಾಡುತ್ತಾರೆ ಎಂದು ದೊಡ್ಡವ್ವ ತೀರ್ಮಾನಿಸಿದಳು. ಆದರೂ ಗಂಡಸರನ್ನು ಪೂರ್ತಿ ನಂಬಲಾದೀತೇ? ಟ್ರಂಕು ಬಾಗಿಲಲ್ಲೇ ಉಳಿಯಿತು. ಅದರ ಮೇಲೆ ಕೂತು ಚಹಾ ಕುಡಿಯುತ್ತಲೇ ನಾವೆಲ್ಲ ದೊಡ್ಡವರಾದೆವು.

ಒಂದು ಮಳೆಗಾಲ ದೊಡ್ಡವ್ವನಿಗೇ ಚಳಿಜ್ವರ ಬಂತು. ಡಾಕ್ಟರ ಗುಳಿಗೆ ನುಂಗಿದರೂ ಕಂಬಳಿಯೊಳಗೆ ನಡುಗುತ್ತಿದ್ದಳು. ದೊಡ್ಡಪ್ಪ ಸೀಸೆ ತಂದರು.

"ನಾ ಮುಟ್ಟಂಗಿಲ್ರಿ. ಅದು ಸಾರಾಯಿ."

"ಓಣಿಗೆಲ್ಲಾ ಔಷಧ, ನಿನಗಷ್ಟ ಸಾರಾಯಿ ಏನು?"

ಬಾಯಿ ತೆರೆದಳು, ನುಂಗಿದಳು. ಓಣಿಯವರು ಅಷ್ಟು ವರ್ಷ ಕಿವಿಚಿದ ಮುಖಗಳೆಲ್ಲ ಅವಳೊಬ್ಬಳ ಮುಖದ ಮೇಲೆ ಬಂದವು. ನಾವು ನಕ್ಕೆವು. ಅವಳು ಮಾತ್ರ ದೊಡ್ಡಪ್ಪನನ್ನೇ ನೋಡುತ್ತಿದ್ದಳು.

"ಇಷ್ಟು ಕಹಿ ಅದ ಅಂತ ಒಂದಿನಾನೂ ಯಾಕ ಹೇಳ್ಲಿಲ್ರಿ?"

ದೊಡ್ಡಪ್ಪ ಚಮಚ ಒರೆಸುತ್ತ ಬಾಗಿಲ ಕಡೆ ನೋಡಿದರು.

"ಹೇಳಿದ್ರ ನೀ ಟ್ರಂಕ್ ತಗೊಂಡು ಹೋಗ್ತಿ ಅಂತ ಅಂಜಿಕಿ ಇತ್ತು."

ಅವಳು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡಳು.

ಜ್ವರ ಇಳಿದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಟ್ರಂಕು ಖಾಲಿ ಮಾಡಿ ಒಳಕೋಣೆಗೆ ಹಾಕಿಸಿದ್ದು. ಸಂಜೆ ದೊಡ್ಡಪ್ಪ ರೂಢಿಯಂತೆ ಎದುರಿಗೆ ಬಂದು ಕೂತರು. ದೊಡ್ಡವ್ವ ಸೀಸೆ ತೆಗೆಯಲಿಲ್ಲ. ಅವರ ಅಂಗೈಯಲ್ಲಿ ಒಂದು ತುಣುಕು ಬೆಲ್ಲವಿಟ್ಟು, ಅವರು ತಿನ್ನುವವರೆಗೂ ನೋಡುತ್ತ ಕೂತಳು.